ಕಾಲಿನ ಲೆಕ್ಕ

(ಮಂಡ್ಯದ ಅಪಘಾತ ಪರಿಹಾರ ನ್ಯಾಯಮಂಡಳಿಯ ವರಾಂಡ. ಲಾರಿ ಅಪಘಾತದಲ್ಲಿ ಕಾಲು ಊನವಾದ ತಿಮ್ಮಣ್ಣ, ಆ ಲಾರಿಯ ವಿಮೆ ಕಂಪನಿಯ ಸಾಹೇಬ್ರು)

ವಿಮೆ ಸಾಹೇಬ್ರು: ಕಾಲಿಗೆ 30% ಊನ. ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, 10%.

ತಿಮ್ಮಣ್ಣ: ನಾನು ಥರ್ಡ್ ಪಾರ್ಟಿ ಅಂತಲಾ ಸ್ವಾಮಿ?

ಸಾಹೇಬ್ರು: ಕಸುಬು?

ತಿಮ್ಮಣ್ಣ: ತೆಂಗಿನಮರ ಹತ್ತೋದು.

ಸಾಹೇಬ್ರು: ಇನ್ನೂ 90% ಹತ್ತಬಹುದಲ್ಲ!

ತಿಮ್ಮಣ್ಣ: ಹತ್ತಬಹುದು. ಮಿಕ್ಕ 10%ನಲ್ಲೇ ಕಾಯಿ ಇರೋದು.

ಸಾಹೇಬ್ರು: ಆದಾಯಕ್ಕೆ ದಾಖಲೆ?

ತಿಮ್ಮಣ್ಣ: ಮರ ರಸೀದಿ ಕೊಡಲ್ಲ.

ಸಾಹೇಬ್ರು: ವಯಸ್ಸು 42, ಗುಣಕ 14.

ತಿಮ್ಮಣ್ಣ: ಕಾಲು ಗುಣವಾಗದಿದ್ರೂ ಗುಣಾಕಾರ ಆಯ್ತು!

ಸಾಹೇಬ್ರು: ನೋವಿಗೆ ಪುರಾವೆ?

ತಿಮ್ಮಣ್ಣ: ರಾತ್ರಿ ಮನೆಗೆ ಬನ್ನಿ, ಕೇಳಿಸ್ತೀನಿ.

ಸಾಹೇಬ್ರು: ಲೋಕ ಅದಾಲತ್‌ನಲ್ಲಿ ರಾಜಿ ಆಗಿಬಿಡಿ.

ತಿಮ್ಮಣ್ಣ: ಆಗ್ತೀನಿ. ಲಾರಿ ಮಾಲೀಕರ ಹತ್ರ ಪ್ರೀಮಿಯಮ್ಮೂ ಮೂರನೇ ಒಂದು ಭಾಗವೇ ಇಸ್ಕೊಂಡ್ರಾ ಸ್ವಾಮಿ?