ಬೆರಳಿಗೆ ಉಂಗುರ, ಜೇಬಿಗೆ ಕತ್ತರಿ

ಮೊದಲೆಲ್ಲ ನಿಶ್ಚಿತಾರ್ಥವೆಂದರೆ ಎಲೆ ಅಡಿಕೆ, ತೆಂಗಿನಕಾಯಿ, ಲಗ್ನಪತ್ರಿಕೆ ಓದುವ ಪುರೋಹಿತರು, ಮೇಲೊಂದು ಹೋಳಿಗೆ ಊಟ. ಈಗ ವಜ್ರದುಂಗುರ ಇಲ್ಲದಿದ್ದರೆ ಬೀಗರು ಒಪ್ಪಿದರೂ ಫೋಟೋಗ್ರಾಫರ್ ಒಪ್ಪುವುದಿಲ್ಲ. ಇದು ಯಾವ ಶಾಸ್ತ್ರ ಅಂತ ಪುರೋಹಿತರನ್ನು ಕೇಳಿ ಪೇಚಿಗೆ ಸಿಕ್ಕಿಸಬೇಡಿ. ವಜ್ರ ಶಾಶ್ವತ ಎಂಬ ಜಾಹೀರಾತಿನ ಮಾತನ್ನು 1947ರಲ್ಲಿ ಡಿ ಬೀರ್ಸ್ ಎಂಬ ವಜ್ರದ ಕಂಪನಿಗೆ ಬರೆದುಕೊಟ್ಟಾಕೆ ಫ್ರಾನ್ಸಿಸ್ ಗೆರೆಟಿ. ಊರಿಗೆಲ್ಲ ಉಂಗುರ ತೊಡಿಸಿದ ಆಕೆ ಮಾತ್ರ ಮದುವೆಯಾಗಲೇ ಇಲ್ಲ! ಉಂಗುರಕ್ಕೆ ಎರಡು ತಿಂಗಳ ಸಂಬಳ ತೆಗೆದಿಡಬೇಕು ಅಂತ ಅಮೆರಿಕದ ಗಂಡುಗಳಿಗೆ ಆಮೇಲೆ ಪಾಠ ಹೇಳಿದ್ದೂ ಅದೇ ಕಂಪನಿ. ಜಪಾನಿನವರಿಗೆ ಮೂರು ತಿಂಗಳು. ಮಾರುವವನೇ ಕೂತು ಕೊಳ್ಳುವವನ ಬಜೆಟ್ ಬರೆದುಕೊಟ್ಟರೆ ಇನ್ನೇನಾದೀತು?

ಇರಲಿ, ಮದುವಣಿಗರೇ, ನೀವು ಕೊಳ್ಳುವುದನ್ನು ತಪ್ಪಿಸಲು ನನ್ನಿಂದಾಗದು. ಕೊಳ್ಳುವಾಗ ಕಣ್ಣಿಗೆ ಕಾಣದ್ದಕ್ಕೆ ದುಡ್ಡು ಸುರಿಯಬೇಡಿ, ಅಷ್ಟೇ. ಅಂಗಡಿಯಾತ ಭೂತಗನ್ನಡಿ ಕೈಗಿಟ್ಟು, 'ನೋಡಿ ಸಾರ್, ವಿವಿಎಸ್, ಒಂದು ಚುಕ್ಕೆ ಇಲ್ಲ' ಅನ್ನುತ್ತಾನೆ. ನಿಮಗೆ ಏನೂ ಕಾಣದಿದ್ದರೂ ತಲೆಯಾಡಿಸುತ್ತೀರಿ. ಹತ್ತು ಪಟ್ಟು ಹಿಗ್ಗಿಸಿದಾಗ ಮಾತ್ರ ಕಾಣುವ ಚುಕ್ಕೆಯನ್ನು ನಿಮ್ಮ ಸೋದರತ್ತೆ ಕೂಡ ಹುಡುಕಲಾರರು. ಅವರು ಹುಡುಕಲಾರದ್ದು ಲೋಕದಲ್ಲಿ ಕಡಿಮೆ. ವಿವಿಎಸ್‌ಗಿಂತ ಒಂದು ದರ್ಜೆ ಕೆಳಗಿನ, ಬರಿಗಣ್ಣಿಗೆ ಸ್ವಚ್ಛವಾಗಿ ಕಾಣುವ ವಿಎಸ್ ಕಲ್ಲು ಧಾರಾಳ ಸಾಕು. ಬಣ್ಣದ್ದೂ ಅದೇ ಕತೆ. ಹಳದಿ ಚಿನ್ನದಲ್ಲಿ ಕೂರಿಸುವ ಕಲ್ಲಿಗೆ ಎಲ್ಲಕ್ಕಿಂತ ಮೇಲಿನ ಡಿ, ಇ ದರ್ಜೆ ಯಾಕೆ ಬೇಕು? ಜಿ, ಎಚ್ ಕೂಡ ಬೆಳ್ಳಗೇ ಕಾಣುತ್ತದೆ.

ತೂಕದ್ದು ಇನ್ನೊಂದು ಮೋಜು. ಒಂದು ಕ್ಯಾರೆಟ್ ಅಂದರೆ 200 ಮಿಲಿಗ್ರಾಂ, ವ್ಯಾಪಾರದ ಬಾಯಲ್ಲಿ ನೂರು ಸೆಂಟ್. ತೊಂಬತ್ತು ಸೆಂಟಿನ ಕಲ್ಲು ನೂರನ್ನು ಮುಟ್ಟಿತೋ, ದರ ಮೆಟ್ಟಿಲು ಬಿಟ್ಟು ಮೆಟ್ಟಿಲು ಹಾರುತ್ತದೆ. ಅಗಲದಲ್ಲಿ ಅವೆರಡಕ್ಕೂ ಅರ್ಧ ಮಿಲಿಮೀಟರಿನಷ್ಟೂ ವ್ಯತ್ಯಾಸವಿಲ್ಲ. ಜಿಪುಣತನ ಮಾಡಬಾರದ ಜಾಗ ಒಂದೇ: ಕಟ್, ಅಂದರೆ ಕಲ್ಲನ್ನು ಕತ್ತರಿಸಿದ ರೀತಿ. ಹೊಳಪು ಹುಟ್ಟುವುದೇ ಅಲ್ಲಿ. ಕಟ್ ಕೆಟ್ಟರೆ ತೂಕವೆಲ್ಲ ಹೊಟ್ಟೆಯಲ್ಲಿ ಅಡಗಿ, ದೊಡ್ಡ ಕಲ್ಲೂ ಮಂಕು ಬಡಿದಂತಿರುತ್ತದೆ. ಅಂಗಡಿಯ ದೀಪದ ಕೆಳಗೆ ಗಾಜಿನ ಚೂರೂ ಮಿನುಗುತ್ತದೆ, ಹಾಗಾಗಿ ಉಂಗುರವನ್ನು ಬಾಗಿಲ ಬೆಳಕಿಗೆ ತಂದು ನೋಡಿ. ಸೆಕ್ಯುರಿಟಿಯವನು ಗುರಾಯಿಸಿದರೆ ಗುರಾಯಿಸಲಿ.

ಇನ್ನು ಲ್ಯಾಬ್ ವಜ್ರ. ಇದು ಅಮೆರಿಕನ್ ಡೈಮಂಡ್ ಎಂಬ ಹುಸಿ ಕಲ್ಲಲ್ಲ, ಅಪ್ಪಟ ಇಂಗಾಲವೇ. ಭೂಮಿಯೊಳಗಿನ ಬದಲು ಯಂತ್ರದೊಳಗೆ ಬೆಳೆದದ್ದು, ಅಷ್ಟೇ. 2023ರಲ್ಲಿ ನಮ್ಮ ಪ್ರಧಾನಿ ಆಗಿನ ಅಮೆರಿಕ ಅಧ್ಯಕ್ಷರ ಪತ್ನಿ ಜಿಲ್ ಬೈಡನ್ನರಿಗೆ ಕೊಟ್ಟದ್ದು ಇಂಥದೇ 7.5 ಕ್ಯಾರೆಟ್ ಕಲ್ಲು. ಬೆಲೆ ಗಣಿಯ ವಜ್ರಕ್ಕಿಂತ ಬಹಳ ಕಡಿಮೆ. ಮರುಮಾರಾಟಕ್ಕೆ ಹೋದರೆ ಕೈಗೆ ಬರುವುದೂ ಅಷ್ಟಕ್ಕಷ್ಟೆ. ಹಾಗಂತ ಗಣಿಯದ್ದು ತಂದವರು ಬೀಗಬೇಕಿಲ್ಲ. ವಾಪಸ್ ಕೊಡಹೋದ ದಿನ ಮಜೂರಿ, ಜಿಎಸ್‌ಟಿ ಎರಡೂ ಹೋದ ಹಾಗೆಯೇ. ವಜ್ರ ಹೂಡಿಕೆ ಅನ್ನುವವನು ಒಂದೋ ಮಾರುವವನು, ಇಲ್ಲವೇ ಈಗಾಗಲೇ ಕೊಂಡು ಸಮಾಧಾನ ಮಾಡಿಕೊಳ್ಳುತ್ತಿರುವವನು.

ವಜ್ರ ಎಲ್ಲರಿಗೂ ಆಗಿಬರುವುದಿಲ್ಲ ಅಂತ ಹಿಂದಿನವರು ಕೆಲವು ದಿನ ಮನೆಯಲ್ಲಿಟ್ಟು ಪರೀಕ್ಷೆ ಮಾಡುತ್ತಿದ್ದರು. ಈಗ ಆ ದೋಷ ಇಎಂಐ ಕಟ್ಟುವ ದಿನ ತಾನಾಗಿಯೇ ಗೊತ್ತಾಗುತ್ತದೆ.

ಬಿಲ್ಲನ್ನು ಮಾತ್ರ ನಿಂತು ಓದಿ. ಚಿನ್ನದ ಹಾಲ್‌ಮಾರ್ಕ್ ಚಿನ್ನಕ್ಕಷ್ಟೇ, ಕಲ್ಲಿಗೆ ಬೇರೆ ಪ್ರಮಾಣಪತ್ರ ಬೇಕು. ಕಲ್ಲಿನ ತೂಕವನ್ನೂ ಚಿನ್ನದ ಲೆಕ್ಕಕ್ಕೆ ಸೇರಿಸಿದ್ದಾರೆಯೇ ನೋಡಿ. ವಾಪಸ್ ತಗೊಳ್ಳುವ ಷರತ್ತನ್ನು ಬಾಯಿಮಾತಿಗೆ ಬಿಡದೆ ಬಿಲ್ಲಿನ ಮೇಲೆ ಬರೆಸಿ. ಹುಡುಗಿಯ ಬೆರಳಿನ ಅಳತೆಯನ್ನು ಹುಡುಗಿಯನ್ನೇ ಕೇಳಿ ತಿಳಿದುಕೊಳ್ಳಿ. ಅಂದಾಜಿನಲ್ಲಿ ತಂದ ಉಂಗುರ ಗಂಟಿನ ಹತ್ತಿರ ಸಿಕ್ಕಿಕೊಂಡರೆ ವಿಡಿಯೋದವನು ಅದನ್ನಂತೂ ಬಿಡುವುದಿಲ್ಲ.