ನೋಟ್ಸುಗನ್ನಡದ ವ್ಯಾಕರಣಕ್ಕೊಂದು ಪೀಠಿಕೆ

ಕನ್ನಡ ಭಾಷೆಯ ಚರಿತ್ರೆ ಬರೆದ ಪಂಡಿತರು ಅದನ್ನು ಪೂರ್ವದ ಹಳಗನ್ನಡ, ಹಳಗನ್ನಡ, ನಡುಗನ್ನಡ, ಹೊಸಗನ್ನಡ ಎಂದು ನಾಲ್ಕು ಹೋಳು ಮಾಡಿ ಕೈತೊಳೆದುಕೊಂಡಿದ್ದಾರೆ. ಐದನೆಯ ಅವಸ್ಥೆಯೊಂದು ಆರು, ಏಳು, ಎಂಟನೆಯ ತರಗತಿಗಳ ಮಕ್ಕಳ ಚೀಲದಲ್ಲಿ, ಬೈಂಡು ಹಾಕಿ ಲೇಬಲ್ ಅಂಟಿಸಿದ ಪುಸ್ತಕಗಳೊಳಗೆ ಸುರಕ್ಷಿತವಾಗಿದ್ದರೂ ಯಾವ ವಿದ್ವಾಂಸನ ಕಣ್ಣಿಗೂ ಬಿದ್ದಿಲ್ಲ. ಈ ಪ್ರಬಂಧದಲ್ಲಿ ಅದನ್ನು ನೋಟ್ಸುಗನ್ನಡ ಎಂದು ಕರೆಯಲಾಗಿದೆ. ನೋಟ್ಸು ಎಂಬುದಕ್ಕೆ ಕನ್ನಡ ಸೇರಿದಾಗ ಕಕಾರಕ್ಕೆ ಗಕಾರ ಬಂದು ಆದೇಶ ಸಂಧಿ ಆಗಿರುವುದನ್ನು ಗಮನಿಸಬೇಕು. ಇಂಗ್ಲಿಷ್ ಪದಕ್ಕೂ ಸಂಧಿಕಾರ್ಯ ಒದಗಿಸಬಲ್ಲ ಭಾಷೆ ಜೀವಂತವಾಗಿದೆ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ. ಆದರೂ ಎರಡು ಅಂಕದ ಪ್ರಶ್ನೆಗೆ ಎರಡು ಅಂಶ ಬರೆಯಲೇಬೇಕೆಂಬ ನಿಯಮವಿರುವುದರಿಂದ ಮುಂದುವರಿಯುತ್ತೇನೆ.

ಮೊದಲನೆಯ ಆಧಾರ ವಿಭಕ್ತಿಯದು. ಪಂಚಮೀ ವಿಭಕ್ತಿಯ ಪ್ರತ್ಯಯ 'ದೆಸೆಯಿಂದ' ಎಂದು ಪ್ರತಿಯೊಂದು ಮಗುವೂ ಕೋಷ್ಟಕ ಹಾಕಿ ಬರೆಯುತ್ತದೆ. ಅದೇ ಮಗು ಬಿಡುವಿನಲ್ಲಿ ಮಾವಿನ ಮರ ಹತ್ತಿ ಜಾರಿದರೆ 'ಮರದಿಂದ ಬಿದ್ದೆ' ಎಂದು ಅಳುತ್ತದೆಯೇ ಹೊರತು 'ಮರದ ದೆಸೆಯಿಂದ ಬಿದ್ದೆ' ಎಂದು ಅತ್ತ ದಾಖಲೆ ಯಾವ ಜಿಲ್ಲೆಯಲ್ಲೂ ಇಲ್ಲ. ಮಾತಿನಲ್ಲಿ ತೃತೀಯೆಯೇ ಪಂಚಮಿಯ ಕೆಲಸವನ್ನೂ ಮುಗಿಸಿಬಿಡುತ್ತದೆ. ಏಳು ಮನೆಗಳ ಸಂಸ್ಕೃತದ ಕೋಷ್ಟಕದಲ್ಲಿ ಒಂದು ಮನೆ ಖಾಲಿ ಉಳಿಯಬಾರದಲ್ಲ, ಅದಕ್ಕೆಂದು 'ದೆಸೆಯಿಂದ'ವನ್ನು ಕರೆತಂದು ಕೂರಿಸಲಾಗಿದೆ. ಹೀಗೆ ಆಡುವವರಿಲ್ಲದ, ಬರೆಯುವವರು ಮಾತ್ರ ಇರುವ ಪ್ರತ್ಯಯವೊಂದು ಸಿಕ್ಕ ಮೇಲೆ ಅದು ಬೇರೆಯೇ ಭಾಷೆಯದೆಂದು ಒಪ್ಪಬೇಕಾಗುತ್ತದೆ. ಇದಕ್ಕೆ ಹಿರಿಯರ ಮೇಲ್ಪಂಕ್ತಿಯೂ ಇದೆ. ಭಟ್ಟಾಕಳಂಕನು 1604ರಲ್ಲಿ ಕನ್ನಡದ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಬರೆದ. ಕನ್ನಡವನ್ನು ಕನ್ನಡವಲ್ಲದ್ದರಲ್ಲಿ ವಿವರಿಸುವುದು ನಮ್ಮಲ್ಲಿ ಹೊಸದಲ್ಲ.

ಎರಡನೆಯ ಆಧಾರ 'ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ' ಎಂಬ ಪ್ರಕಾರ. ನೋಟ್ಸುಗನ್ನಡದ ಮಹಾಕಾವ್ಯವೆಂದರೆ ಇದೇ. ಹಲ್ಮಿಡಿ ಶಾಸನದ 16 ಸಾಲುಗಳನ್ನು ಓದಲು ವಿದ್ವಾಂಸರು ದಶಕಗಳ ಕಾಲ ತಲೆ ಕೆಡಿಸಿಕೊಂಡರು. ಸಂದರ್ಭದ ಉತ್ತರಕ್ಕೆ ಆ ಕಷ್ಟವಿಲ್ಲ, ಅದನ್ನು ಓದದೆಯೇ ಅಂಕ ಕೊಡಬಹುದು. ಶಾಸನದಲ್ಲಿ ಸ್ವಸ್ತಿ, ವಂಶಾವಳಿ, ದಾನದ ವಿವರ, ಶಾಪಾಶಯ ಬರುವಂತೆ ಇಲ್ಲಿ ಆಯ್ಕೆ, ಸಂದರ್ಭ, ವಿವರಣೆ, ಸ್ವಾರಸ್ಯ ಎಂಬ ನಾಲ್ಕು ಅಂಗಗಳು ಅದೇ ಕ್ರಮದಲ್ಲಿ, ಅಡಿಗೆರೆ ಸಮೇತ ಬರಬೇಕು. ಆಯ್ಕೆಯಲ್ಲಿ 'ಈ ವಾಕ್ಯವನ್ನು ಇಂಥವರು ಬರೆದಿರುವ ಇಂಥ ಪಾಠದಿಂದ ಆರಿಸಿಕೊಳ್ಳಲಾಗಿದೆ' ಎಂಬ ಕರ್ಮಣಿ ಪ್ರಯೋಗ ಕಡ್ಡಾಯ. ಯಾರು ಆರಿಸಿಕೊಂಡರು ಎಂಬುದನ್ನು ಮಗು ಕೇಳುವಂತಿಲ್ಲ, ಏಕೆಂದರೆ ಆರಿಸಿದವರು ಎದುರಿಗೇ ಕೆಂಪು ಪೆನ್ನು ಹಿಡಿದು ಕೂತಿರುತ್ತಾರೆ. ಕೊನೆಯ ಅಂಗವಾದ ಸ್ವಾರಸ್ಯಕ್ಕೆ ಬಂದಾಗ ಈ ಭಾಷೆಯ ದಾರ್ಶನಿಕ ಎತ್ತರ ಗೋಚರಿಸುತ್ತದೆ: 'ಈ ಮಾತು ಬಹಳ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ.' ಸ್ವಾರಸ್ಯವೇನೆಂಬ ಪ್ರಶ್ನೆಗೆ ಸ್ವಾರಸ್ಯವಿದೆ ಎಂಬುದೇ ಉತ್ತರ. ಅದ್ವೈತದಲ್ಲೂ ಇಷ್ಟು ಬೇಗ ಪ್ರಶ್ನೆ ಮತ್ತು ಉತ್ತರ ಒಂದಾಗುವುದಿಲ್ಲ.

ಗಾದೆ ವಿಸ್ತರಣೆಯನ್ನು ಹೆಚ್ಚು ವಿಸ್ತರಿಸುವುದಿಲ್ಲ. ಕೊಟ್ಟ ಗಾದೆ ಯಾವುದೇ ಇರಲಿ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ಮೊದಲ ಸಾಲಿನಲ್ಲೇ ವೇದವನ್ನು ಸುಳ್ಳು ಮಾಡಿ ಅರ್ಧ ಅಂಕ ಗಿಟ್ಟಿಸುವುದು ವಾಡಿಕೆ.

ಇಲ್ಲಿ ಕೆಲವರು ಆಕ್ಷೇಪ ಎತ್ತಬಹುದು. 'ಸ್ವಂತ ವಾಕ್ಯದಲ್ಲಿ ಬಳಸಿ' ಎಂಬ ಪ್ರಶ್ನೆ ಇದೆಯಲ್ಲ, ಅಲ್ಲಿ ಮಗುವಿನ ಸ್ವಂತ ಭಾಷೆ ಹೊರಬರಲೇಬೇಕಲ್ಲವೇ ಎಂದು. ಆಕ್ಷೇಪ ಗೌರವಾರ್ಹ, ಆದರೆ ಸಾಮಗ್ರಿ ಅದರ ವಿರುದ್ಧವಿದೆ. ಔದಾರ್ಯ, ಕಂಗೆಡು, ದಿಗ್ಭ್ರಮೆ ಎಂಬ ಮೂರು ಪದಗಳನ್ನು ಕೊಟ್ಟರೆಂದು ಇಟ್ಟುಕೊಳ್ಳಿ. ಅನುಭವಸ್ಥ ವಿದ್ಯಾರ್ಥಿ 'ನಮ್ಮ ಟೀಚರು ಔದಾರ್ಯ ಪದದ ಅರ್ಥವನ್ನು ಹೇಳಿಕೊಟ್ಟರು' ಎಂದು ಬರೆದು, ಉಳಿದೆರಡನ್ನೂ ಅದೇ ಅಚ್ಚಿಗೆ ಎರೆಯುತ್ತಾನೆ. ನಿಘಂಟಿನ ಅಷ್ಟೂ ಪದಗಳನ್ನು ಒಂದೇ ವಾಕ್ಯದಲ್ಲಿ ಬಳಸಬಲ್ಲ ಈ ಸಾಮರ್ಥ್ಯ ಕಿಟೆಲ್‌ಗೂ ಇರಲಿಲ್ಲ, 1894ರಲ್ಲಿ ತಮ್ಮ ನಿಘಂಟು ಹೊರಬರುವ ತನಕ ಅವರು ಒಂದೊಂದು ಪದಕ್ಕೂ ಬೇರೆ ಬೇರೆ ಬಳಕೆ ಹುಡುಕುತ್ತ ಕೂತರು. ಸ್ವಂತ ಎಂಬ ಪದಕ್ಕೆ ನೋಟ್ಸುಗನ್ನಡದಲ್ಲಿ ಹೋದ ವರ್ಷದ ಮಕ್ಕಳಿಗೆ ಪೂರ್ಣ ಅಂಕ ಬಂದದ್ದು ಎಂದು ಅರ್ಥ.

ಇನ್ನೊಂದು ಆಕ್ಷೇಪ ಸರ್ಕಾರಿ ಕಡತಗಳಿಂದ ಬರುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಿಕೆಯನ್ನು ಬಾಯಿಪಾಠದಿಂದ ಬಿಡಿಸಬೇಕೆಂದು ಹೇಳಿತು. ಆಮೇಲೆ ನಿರಂತರ ಮೌಲ್ಯಮಾಪನ ಬಂತು, ವರ್ಷಕ್ಕೆ ಎಫ್‌ಎ ಎಂಬ ನಾಲ್ಕು ರೂಪಣಾತ್ಮಕ ಪರೀಕ್ಷೆ, ಎಸ್‌ಎ ಎಂಬ ಎರಡು ಸಂಕಲನಾತ್ಮಕ ಪರೀಕ್ಷೆ, ಜೊತೆಗೆ ಚಟುವಟಿಕೆಗಳು. ಇಷ್ಟಾದ ಮೇಲೂ ನೋಟ್ಸುಗನ್ನಡ ಹೇಗೆ ಬದುಕಿತು ಎಂದು ಕೇಳಿದರೆ, ಚಟುವಟಿಕೆಯಲ್ಲೇ ಅದು ಬದುಕಿತು ಎಂದು ಹೇಳಬೇಕಾಗುತ್ತದೆ. ಶಾಲೆಯ ಪಕ್ಕದ ಸ್ಟೇಷನರಿ ಅಂಗಡಿಗೆ ಹೋಗಿ ನೋಡಿ: ಎಂಟು ಜ್ಞಾನಪೀಠ ಪುರಸ್ಕೃತರೂ ಒಂದೇ ಹಾಳೆಯಲ್ಲಿ, ಕತ್ತರಿಸಲು ಅನುಕೂಲವಾಗುವಂತೆ ಸಾಲಾಗಿ ನಿಂತಿರುತ್ತಾರೆ. ಬೇಂದ್ರೆಯವರ ಟೋಪಿಯ ತುದಿಯೋ ಮಾಸ್ತಿಯವರ ಪೇಟದ ಅಂಚೋ ಕತ್ತರಿಗೆ ಸಿಕ್ಕಿ ಹೋದರೂ ಅಂಟು ಗಟ್ಟಿಯಾಗಿದ್ದರೆ ಸಾಕು. ಕೆಳಗೆ ಕವಿ ಪರಿಚಯ. ಕುವೆಂಪು 1904ರಲ್ಲಿ ಜನಿಸಿದರು, 1967ರ ಜ್ಞಾನಪೀಠ ಪಡೆದರು. ನಡುವಿನ ವರ್ಷಗಳಲ್ಲಿ ಅವರು ಬರೆದದ್ದಕ್ಕೆ 'ಪ್ರಮುಖ ಕೃತಿಗಳು' ಎಂಬ ಒಂದು ಸಾಲು ಮೀಸಲು. ಬಾಯಿಪಾಠ ಬಾಯಿಂದ ಕೈಗೆ ಇಳಿಯಿತು ಎಂಬ ಮಟ್ಟಿಗೆ ಸುಧಾರಣೆ ಖಂಡಿತ ಆಗಿದೆ.

ಶಿಕ್ಷಕರನ್ನೇ ದೂರುವವರೂ ಇದ್ದಾರೆ. ಅದು ಅನ್ಯಾಯ. ಹತ್ತನೆಯ ತರಗತಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125 ಇರುವಾಗ, ಆ 125ರ ಕಡೆಗೇ ಆರನೆಯ ತರಗತಿಯಿಂದ ಮುಖ ಮಾಡಿ ನಿಂತ ತಾಯಿತಂದೆಯರ ಮುಂದೆ ಶಿಕ್ಷಕಿ ಏನು ಮಾಡಿಯಾಳು? ಕಟ್ಟುಗಟ್ಟಲೆ ಪತ್ರಿಕೆಗಳನ್ನು ಮನೆಗೆ ಒಯ್ದು, ಒಲೆಯ ಮೇಲೆ ಹಾಲಿಟ್ಟು ತಿದ್ದುವಾಕೆಗೆ ಉತ್ತರಗಳು ಒಂದೇ ಥರ ಇರುವುದು ಭಾಷಾದ್ರೋಹವಲ್ಲ, ಉಪಕಾರ. ಮಾದರಿ ಉತ್ತರದ ಪದ ಕಂಡಲ್ಲಿ ಸರಿ ಗುರುತು, ಕಾಣದಿದ್ದಲ್ಲಿ ಅಡಿಗೆರೆ, ಕೊನೆಗೆ ಒಂದು ಸಹಿ. ನ್ಯಾಯ ಎಲ್ಲರಿಗೂ ಸಮಾನವಾಗಿ ಸಿಗುತ್ತದೆ, ಹಾಲೂ ಉಕ್ಕುವುದಿಲ್ಲ.

ಕೊನೆಯದಾಗಿ ನೋಟ್ಸುಗನ್ನಡದ ಗದ್ಯದಲ್ಲಿ ಅಪರೂಪವಾದ ಒಂದು ಪಾಠಾಂತರವನ್ನು ಕಲ್ಪಿಸಿಕೊಂಡು ಪರೀಕ್ಷಿಸಬೇಕು. ರಜಾ ಅರ್ಜಿ ಬರೆಯಲು ಹೇಳಿದಾಗ ಅಂಗೀಕೃತ ಪಾಠ ಹೀಗಿರುತ್ತದೆ: ಹೆಸರು ಅ.ಬ.ಕ., ಕಾರಣ ಜ್ವರ, ಅವಧಿ ಎರಡು ದಿನ, 'ಇಂತಿ ತಮ್ಮ ವಿಧೇಯ ವಿದ್ಯಾರ್ಥಿ'. ಇಡೀ ತರಗತಿಗೆ ಒಂದೇ ದಿನ ಜ್ವರ ಬಂದರೂ ಆರೋಗ್ಯ ಇಲಾಖೆ ಕದಲುವುದಿಲ್ಲ. ಇದರ ನಡುವೆ ಏಳನೆಯ ತರಗತಿಯ ಹುಡುಗಿಯೊಬ್ಬಳು, 'ಮಾನ್ಯರೇ, ನಿನ್ನೆ ರಾತ್ರಿ ನಮ್ಮ ಎಮ್ಮೆ ಈಯಿತು. ಅಮ್ಮ ಒಬ್ಬಳೇ ಆಗ್ತಾಳೆ. ಗಿಣ್ಣು ಮಾಡಿದ ಮೇಲೆ ನಿಮಗೂ ತರುತ್ತೇನೆ' ಎಂದು ಬರೆದಳೆನ್ನಿ. ಕರ್ಮಣಿ ಪ್ರಯೋಗವಿಲ್ಲ, ವಿಷಯ ಎಂಬ ಶೀರ್ಷಿಕೆಯಿಲ್ಲ, 'ಆಗ್ತಾಳೆ' ಗ್ರಾಂಥಿಕವಲ್ಲ, 'ವಿಧೇಯ' ಬಿಟ್ಟುಹೋಗಿದೆ. ಐದಕ್ಕೆ ಒಂದೂವರೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, 'ಕ್ರಮ ತಪ್ಪಿದೆ. ಐದು ಸಲ ಬರೆ. ಗಿಣ್ಣು ಯಾವತ್ತು?'