ಸಂಚಿಕೆ ರಾಯರು

ಭಾನುವಾರ ಬೆಳಿಗ್ಗೆ ಹಳೇ ಪೇಪರ್ ಗಾಡಿಯ ಸ್ಪೀಕರ್ ಕೊಡಿಗೇಹಳ್ಳಿಯ ಅಡ್ಡರಸ್ತೆಗೆ ತಿರುಗಿತೆಂದರೆ ಒಂದು ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬೀಳುತ್ತದೆ. ಹಾಕುವವರು ಸಂಚಿಕೆ ರಾಯರು. ತೆಗೆಯಲು ಹಿಂದೆಯೇ ಬರುವವರು ಅವರ ಹೆಂಡತಿ.

ರಾಯರು ಒಬ್ಬರಲ್ಲ, ಒಂದು ತಳಿ. ಸಹಕಾರನಗರದಲ್ಲಿ ಹುಡುಕಿದರೂ ಸಿಗುತ್ತಾರೆ, ಯಲಹಂಕದಲ್ಲೂ ಇರಬೇಕು. ವಯಸ್ಸು ಐವತ್ತರ ಆಚೀಚೆ, ಸಾಫ್ಟ್‌ವೇರಿನಲ್ಲೋ ಬ್ಯಾಂಕಿನಲ್ಲೋ ಕೆಲಸ, ಮಂಚದ ಕೆಳಗೆ ಒಂದು ಟ್ರಂಕು. ಹಳೇ ಪತ್ರಿಕೆ ಕೂಡಿಡುವುದು ನಮ್ಮಲ್ಲಿ ಹೊಸದೇನಲ್ಲ. ‘ಸುಧಾ’, ‘ತರಂಗ’ಗಳ ಧಾರಾವಾಹಿಯನ್ನು ವಾರವಾರ ಕತ್ತರಿಸಿ, ದಬ್ಬಣದಲ್ಲಿ ಹೊಲಿದು, ರಟ್ಟು ಹಾಕಿಸಿದ ಅತ್ತೆ ಚಿಕ್ಕಮ್ಮಂದಿರು ಎಷ್ಟು ಮನೆಗಳಲ್ಲಿರಲಿಲ್ಲ! ರಾಯರ ಟ್ರಂಕಿನಲ್ಲಿರುವುದು ಮಾತ್ರ ‘ಡ್ರ್ಯಾಗನ್’ ಎಂಬ ಅಮೆರಿಕದ ಮಾಸಪತ್ರಿಕೆ. ಅದೂ ಒಂದು ಆಟದ ಪತ್ರಿಕೆ. ರಾಯರು ಆ ಆಟವನ್ನು ಒಂದು ಸಲವೂ ಆಡಿಲ್ಲ.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಕಟ್ಟಿದ್ದು. 1974ರಲ್ಲಿ ಮೊದಲು ಅಚ್ಚಾದದ್ದು ಬರೀ ಸಾವಿರ ಪ್ರತಿ. ಗೆಲ್ಲುವುದು ಸೋಲುವುದು ಇದರಲ್ಲಿಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕತೆ ನಡೆಸುತ್ತಾನೆ, ಮಿಕ್ಕವರು ಮಾಂತ್ರಿಕನೋ ಕಳ್ಳನೋ ಆಗಿ ‘ನಾನೀಗ ಇಂಥದ್ದು ಮಾಡುತ್ತೇನೆ’ ಎನ್ನುತ್ತಾರೆ. ಮಾಡಲು ಆಯಿತೋ ಇಲ್ಲವೋ ಹೇಳುವುದು ಇಪ್ಪತ್ತು ಮುಖದ ದಾಳ. ಇದರ ಸುದ್ದಿ, ಲೆಕ್ಕ, ಜಗಳಗಳಿಗೆಂದೇ 1976ರ ಜೂನಿನಲ್ಲಿ ‘ಡ್ರ್ಯಾಗನ್’ ಶುರುವಾಯಿತು. ಮರುವರ್ಷ ಇಂಗ್ಲೆಂಡಿನಲ್ಲಿ ‘ವೈಟ್ ಡ್ವಾರ್ಫ್’ ಎಂಬ ಇಂಥದ್ದೇ ಪತ್ರಿಕೆ ಬಂತು. ‘ಡ್ರ್ಯಾಗನ್’ ಕಾಗದದ ಮೇಲೆ ಬಂದದ್ದು 2007ರ 359ನೇ ಸಂಚಿಕೆಯವರೆಗೆ. ರಾಯರ ಬಳಿ ಇರುವುದು ಹನ್ನೊಂದು. ತೊಂಬತ್ತರ ದಶಕದಲ್ಲಿ ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ, ಹಳೇ ಎಂಜಿನಿಯರಿಂಗ್ ಗೈಡುಗಳ ಅಡಿಯಿಂದ ಎಳೆದು, ಚೌಕಾಸಿ ಮಾಡಿ ತಂದವು.

ಮನೆಗೆ ಯಾರೇ ಬರಲಿ, ಕಾಫಿಗೆ ಮುಂಚೆ 72ನೇ ಸಂಚಿಕೆ ಹೊರಬರುತ್ತದೆ. 1983ರ ಏಪ್ರಿಲ್. ಅದರಲ್ಲಿ ‘ಪಿಯರ್ಸರ್’ ಎಂಬ ಪ್ರಾಣಿಯ ಮೇಲೆ ಒಂದು ಲೇಖನ. ಗುಹೆಯ ಚಾವಣಿಯಿಂದ ಕಲ್ಲಿನ ಕೋಡಿನ ಹಾಗೆ ಇಳಿಬಿದ್ದಿರುತ್ತದೆ, ಕೆಳಗೆ ಯಾರಾದರೂ ಬಂದರೆ ದೊಪ್ಪನೆ ಅವರ ಮೇಲೆ ಬೀಳುತ್ತದೆ. ಅದಕ್ಕೆ ಬರುವ ವಿದ್ಯೆ ಅಷ್ಟೇ. ಇಲ್ಲದ ಪ್ರಾಣಿಯ ಬದುಕನ್ನು ಕಾಲೇಜಿನ ಪ್ರಾಣಿಶಾಸ್ತ್ರದ ಪಾಠದಷ್ಟು ಗಂಭೀರವಾಗಿ ಬರೆದಿದ್ದಾರೆ. ಓದುಗರಿಗೆ ಹಿಡಿಸಿ, ಮುಂದೆ ಇಂಥ ಲೇಖನಗಳ ಮಾಲೆಯೇ ಬಂತು. ರಾಯರು ಇದನ್ನೆಲ್ಲ ಕೈಯಾಡಿಸುತ್ತ ವಿವರಿಸುವಾಗ ಅವರ ಹೆಂಡತಿ ಕಾಫಿ ಲೋಟ ಇಡುತ್ತ ಹೇಳುವ ಮಾತು ಒಂದೇ: “ಅಷ್ಟು ವಿದ್ಯೆ ನಮ್ಮ ತೆಂಗಿನಕಾಯಿಗೂ ಬರುತ್ತೆ.”

ಲೇಖನಕ್ಕಿಂತ ರಾಯರಿಗೆ ಜಾಹೀರಾತು ಇಷ್ಟ. ಬೆರಳುದ್ದದ ಸೀಸದ ಗೊಂಬೆಗಳನ್ನು ಅಂಚೆಯಲ್ಲಿ ತರಿಸಿಕೊಳ್ಳುವ ಒಂದು ಕೂಪನ್ನನ್ನು ಅವರು ಎಂದೋ ತುಂಬಿಟ್ಟಿದ್ದಾರೆ. ಐದಂಕಿಯ ಅಮೆರಿಕನ್ ಜಿಪ್ ಕೋಡಿಗೆ ಬಿಟ್ಟ ಜಾಗದಲ್ಲಿ 560092 ಹಿಡಿಸದೆ, ಕೊನೆಯ 2 ಗೆರೆಯಾಚೆ ಹೋಗಿ ನಿಂತಿದೆ. ಕೂಪನ್ ಕಳಿಸಲಿಲ್ಲ. ಕಳಿಸಬೇಕಾದರೆ ಪುಟ ಕತ್ತರಿಸಬೇಕಲ್ಲ!

ಸ್ನೇಹಿತನೊಬ್ಬ ಅಮೆರಿಕದಿಂದ ಐದು ಸಿ.ಡಿ. ತಂದುಕೊಟ್ಟ. ಮೊದಲ 250 ಸಂಚಿಕೆಗಳನ್ನೂ ತುಂಬಿ 1999ರಲ್ಲಿ ಹೊರತಂದದ್ದು. ರಾಯರು ಅದರ ಪ್ಲಾಸ್ಟಿಕ್ ಹೊದಿಕೆಯನ್ನೇ ಬಿಚ್ಚಿಲ್ಲ. ಈಗ ಬಿಚ್ಚಿದರೂ ಮನೆಯಲ್ಲಿ ಸಿ.ಡಿ. ಡ್ರೈವ್ ಇಲ್ಲ.

ಈ ಹುಚ್ಚಿನ ಮೂಲ ಅಮೆರಿಕವಲ್ಲ, ‘ಚಂದಮಾಮ’. ಶಂಕರ್ ಬರೆದ ಚಿತ್ರದಲ್ಲಿ ವಿಕ್ರಮ ಹೆಣ ಹೊತ್ತು, ಕತ್ತಿ ಹಿರಿದು ನಡೆಯುತ್ತಿದ್ದದ್ದನ್ನು ನೋಡಿಕೊಂಡೇ ಬೆಳೆದವರು ಇವರು. ಉತ್ತರ ಗೊತ್ತಿದ್ದೂ ಬಾಯಿ ಬಿಡದಿದ್ದರೆ ತಲೆ ಹೋಳು. ಬಾಯಿ ಬಿಟ್ಟರೆ ಬೇತಾಳ ಮತ್ತೆ ಮರಕ್ಕೆ. ಇದಕ್ಕಿಂತ ಬಿಗಿಯಾದ ಆಟದ ನಿಯಮವನ್ನು ಗೈಗ್ಯಾಕ್ಸ್ ಕೂಡ ಬರೆದಿಲ್ಲ ಎಂಬುದು ರಾಯರ ವಾದ. ಒಪ್ಪಬೇಕಾದ್ದೇ. ಆದರೆ ಆಡಲು ಜನ ಸಿಗಲಿಲ್ಲ ಎಂಬ ಅವರ ಗೋಳನ್ನು ಒಪ್ಪುವುದು ಕಷ್ಟ. ಇವತ್ತು ಬೆಂಗಳೂರಿನಲ್ಲಿ ಈ ಆಟ ಆಡುವ ಹುಡುಗರಿಗೆ ಬರವಿಲ್ಲ. ಪಕ್ಕದ ಮನೆಯ ಹುಡುಗ ಮೂರು ಸಲ ಕರೆದ. ರಾಯರು ಮೂರು ಸಲವೂ “ಯಾವ ಆವೃತ್ತಿ?” ಎಂದು ಕೇಳಿ, ಉತ್ತರ ಕೇಳಿ ಮುಖ ಸಿಂಡರಿಸಿದರು.

ಹೀಗಿರುವಾಗ ಕುಂಬಳೆಯಿಂದ ಮಾವ ಬಂದರು. ಹೆಬ್ಬಾಳದ ಕಡೆ ಕಣ್ಣು ತೋರಿಸಿಕೊಳ್ಳಬೇಕಿತ್ತು. ಕೈಚೀಲದಲ್ಲಿ ಅವರ ಊರಿನದೇ ಯಕ್ಷಗಾನ ಮಾಸಪತ್ರಿಕೆ ‘ಕಣಿಪುರ’. 72ನೇ ಸಂಚಿಕೆ ಅವರ ಮುಂದೆಯೂ ಬಂತು.

“ಈ ಆಟಕ್ಕೆ ಹಲಗೆ ಎಲ್ಲುಂಟು?” ಎಂದರು ಮಾವ.

“ಹಲಗೆ ಇಲ್ಲ ಮಾವ. ಕೂತು ಮಾತಾಡೋದೇ ಆಟ.”

“ವೇಷ?”

“ಅದೂ ಇಲ್ಲ. ಒಬ್ಬ ಕತೆ ನಡೆಸ್ತಾನೆ, ಉಳಿದವರು ಪಾತ್ರ ಆಗಿ ಆ ಹೊತ್ತಿಗೆ ತೋಚಿದ್ದು ಮಾತಾಡ್ತಾರೆ.”

ಮಾವ ಕನ್ನಡಕ ತೆಗೆದರು. “ಇದು ತಾಳಮದ್ದಳೆ ಅಲ್ವಾ ಮಾರಾಯ್ರೇ?”

ರಾಯರ ಮೂವತ್ತು ವರ್ಷದ ವಿದ್ವತ್ತು ಒಂದು ವಾಕ್ಯಕ್ಕೆ ಸೊರಗಿತು. ಹೌದಲ್ಲ! ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿ ಪ್ರಸಂಗ ನಡೆಸುತ್ತಾರೆ, ಅರ್ಥಧಾರಿಗಳು ಪಂಚೆ ಶಾಲಿನಲ್ಲೇ ಕೂತು ರಾಮನೋ ರಾವಣನೋ ಆಗುತ್ತಾರೆ. ಬರೆದಿಟ್ಟ ಮಾತಿಲ್ಲ, ಎದುರಾಳಿ ಎಸೆದ ಪ್ರಶ್ನೆಗೆ ಅಲ್ಲೇ ಉತ್ತರ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಕೇಳಿದವರಿಗೆ ರಾಮನದೇ ತಪ್ಪು ಎನಿಸುತ್ತಿತ್ತಂತೆ. ಆದರೂ ಪ್ರಸಂಗದ ಪ್ರಕಾರ ವಾಲಿ ಸಾಯಲೇಬೇಕು.

ಮಾವನಿಗೆ ಅಲ್ಲೇ ಕುತೂಹಲ. “ನಿಮ್ಮದರಲ್ಲಿ ದಾಳ ಚೆನ್ನಾಗಿ ಬಿದ್ದರೆ ವಾಲಿ ಬದುಕ್ತಾನಾ?”

“ಬದುಕಬಹುದು.”

“ಹಾಗಾದ್ರೆ ಇವತ್ತೇ ಆಗಲಿ.”

ರಾಯರು ಬೆವೆತರು. ಮರದ ಮರೆಯಿಂದ ಬಾಣ ಬಿಟ್ಟರೆ ದಾಳಕ್ಕೆ ಎಷ್ಟು ಕೂಡಿಸಬೇಕು? ‘ಡ್ರ್ಯಾಗನ್’ನಲ್ಲಿ ‘ಸೇಜ್ ಅಡ್ವೈಸ್’ ಎಂಬ ಅಂಕಣವಿರುತ್ತಿತ್ತು. ಆಟದ ನಿಯಮಗಳ ಬಗ್ಗೆ ಓದುಗರ ಸಂಶಯಗಳಿಗೆ ಅಲ್ಲಿ ಪರಿಹಾರ. ಅದರಲ್ಲಿ ಇದ್ದೇ ಇರುತ್ತದೆಂದು ಟ್ರಂಕಿನೊಳಗೆ ತಲೆ ಹಾಕಿದರು. ಇತ್ತ ಹಾಲಿನಲ್ಲಿ ಮೊಮ್ಮಗಳು ಭಾಗವತಳಾದಳು, ಸ್ಟೀಲ್ ಡಬ್ಬಿ ಮದ್ದಳೆಯಾಯಿತು. ಏಳನೇ ಕ್ಲಾಸಿನ ಮೊಮ್ಮಗ ರಾಮ. ಮಾವ ದಿವಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ವಾಲಿಯಾಗಿ ಗಂಟಲು ಸರಿಮಾಡಿಕೊಂಡರು. ನಿನಗೂ ನನಗೂ ಏನು ವೈರ? ಎದುರು ಬಂದು ಕೇಳಿದ್ದರೆ ಸೀತೆಯನ್ನು ನಾನೇ ತರಿಸಿಕೊಡುತ್ತಿರಲಿಲ್ಲವೇ? ಅಡಗಿ ಹೊಡೆಯುವುದನ್ನು ಯಾವ ಗುರು ಕಲಿಸಿದ? ಅರ್ಧ ಗಂಟೆ ಬಿಡುವಿಲ್ಲದೆ ಹರಿಯಿತು. ರಾಮನ ಕೈಯಲ್ಲಿ ಇಪ್ಪತ್ತು ಮುಖದ ದಾಳ ಬೆವರಿಗೆ ಒದ್ದೆಯಾಯಿತು.

ಕೊನೆಗೆ ಶ್ರೀರಾಮ ಎದ್ದು ನಿಂತು ಹೇಳಿದ: “ಸಾರಿ ಅಜ್ಜ, ನಂದೇ ತಪ್ಪು.”

ವಾಲಿ ಬದುಕಿದ. ದಾಳ ಉರುಳಲೇ ಇಲ್ಲ. ರಾಯರು ಪುಟ ಸಿಕ್ಕಿತೆಂದು ಓಡಿ ಬಂದಾಗ ಎಲ್ಲರೂ ಊಟಕ್ಕೆ ಕೂತಿದ್ದರು, ಮೊಸರಿನವರೆಗೆ ಬಂದಿತ್ತು. ಆಡಿದ್ದು ನಿಯಮದ ಪ್ರಕಾರ ಸರಿಯಿಲ್ಲವೆಂದು ಅವರು ಇವತ್ತಿಗೂ ಹೇಳುತ್ತಾರೆ.

ಮಾವ ಊರಿಗೆ ಹೋಗುವಾಗ ದಾರಿಯಲ್ಲಿ ಓದಲೆಂದು 72ನೇ ಸಂಚಿಕೆಯನ್ನು ಒಯ್ದರು. ಮರೆತು ಬಿಟ್ಟುಹೋದ ‘ಕಣಿಪುರ’ ಈಗ ರಾಯರ ಟ್ರಂಕಿನಲ್ಲಿದೆ, ಪ್ಲಾಸ್ಟಿಕ್ ಕವರಿನಲ್ಲಿ, ನುಸಿಗುಳಿಗೆ ಸಮೇತ.